ಹಳೇ ಮನೆಗೆ ಹೊಸ ರೂಮು: ಮಣ್ಣು ನೋಡಿ ಪಾಯ ಆರಿಸುವುದು ಹೇಗೆ?

ಅಪ್ಪ ಅಮ್ಮ ಊರು ಬಿಟ್ಟು ನಿಮ್ಮ ಜೊತೆ ಇರೋಕೆ ಬರ್ತಿದ್ದಾರೆ. ಮೆಟ್ಟಿಲು ಹತ್ತೋದು ಅವರಿಗೆ ಆಗಲ್ಲ, ಕೆಳಗೇ ಒಂದು ರೂಮು ಬೇಕು. ಮೇಸ್ತ್ರಿ ಹಿತ್ತಲನ್ನು ಒಂದು ಸುತ್ತು ನೋಡಿ, 'ಎರಡೂವರೆ ಅಡಿ ಪಾಯ ತೆಗೆದು ಸೈಜುಗಲ್ಲು ಕಟ್ಟಿಬಿಡೋಣ ಸಾರ್' ಅನ್ನುತ್ತಾರೆ. ಎಂಜಿನಿಯರ್ ಕಾಲಂ ಹಾಕಿ ಅನ್ನುತ್ತಾರೆ. ಎದುರು ಮನೆಯವರು ಪೈಲ್, ಅಂದರೆ ಆಳಕ್ಕೆ ಕೊರೆದು ತುಂಬುವ ಕಾಂಕ್ರೀಟ್ ಕಂಬ, ಹಾಕಿಸಿದ್ದಾರೆ. ಮೂವರಲ್ಲಿ ಯಾರ ಮಾತು ಕೇಳಬೇಕು? ಮೂವರೂ ಸರಿ ಇರಬಹುದು, ಅವರವರ ಮಣ್ಣಿನಲ್ಲಿ.

ನಮ್ಮ ಮನೆ ನವಲಗುಂದದ ಕಡೆ. ಪೂರ್ತಿ ಎರೆ ಭೂಮಿ, ಅಂದರೆ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಕಪ್ಪು ಮಣ್ಣು. ಅಪ್ಪ ಹಳೇ ಮನೆಗೆ ಅಂಟಿಸಿ ಒಂದು ರೂಮು ಕಟ್ಟಿಸಿದರು. ಹಳೇ ಗೋಡೆಯಲ್ಲಿ ಒಂದು ಬಿಟ್ಟು ಒಂದು ಇಟ್ಟಿಗೆ ಕಿತ್ತು, ಹಲ್ಲು ಬಿಡಿಸಿ, ಹೊಸ ಗೋಡೆಯನ್ನು ಅದರೊಳಗೆ ಹೆಣೆದರು. ಗಟ್ಟಿ ಆಗುತ್ತದೆ ಅಂತ ನಂಬಿಕೆ. ಎರಡನೇ ಬೇಸಿಗೆಗೆ ಆ ಕೂಡಿದ ಜಾಗದಲ್ಲೇ ಬಿರುಕು ಬಿಟ್ಟಿತು. ಏಪ್ರಿಲ್‌ನಲ್ಲಿ ಅದರೊಳಗೆ ಒಂದು ರೂಪಾಯಿ ನಾಣ್ಯ ಸಲೀಸಾಗಿ ತೂರುತ್ತಿತ್ತು. ದಸರಾ ಹೊತ್ತಿಗೆ ಮಳೆಯಾಗಿ ಬಿರುಕು ತಾನೇ ಮುಚ್ಚಿಕೊಳ್ಳುತ್ತಿತ್ತು. ಯುಗಾದಿಗೆ ಸುಣ್ಣ ಹೊಡೆಯುವ ಮುಂಚೆ ಅಪ್ಪ ಅದಕ್ಕೆ ಸಿಮೆಂಟ್ ತುಂಬಿಸುತ್ತಿದ್ದರು. ಅದೇ ತಪ್ಪಾಯಿತು. ಮಳೆಗೆ ಮಣ್ಣು ಉಬ್ಬಿದಾಗ ಬಿರುಕಿಗೆ ಮುಚ್ಚಿಕೊಳ್ಳಲು ಜಾಗವೇ ಇಲ್ಲ. ಗೋಡೆ ಇನ್ನೊಂದು ಕಡೆ ಸೀಳಿತು.

ಹೊಸ ಮನೆ ಕಟ್ಟುವುದಕ್ಕೂ ಹಳೇ ಮನೆಗೆ ರೂಮು ಸೇರಿಸುವುದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಇಪ್ಪತ್ತು ವರ್ಷದ ಮನೆ ತನ್ನ ಭಾರಕ್ಕೆ ಕೂರುವಷ್ಟು ಕೂತು ಮುಗಿಸಿರುತ್ತದೆ. ಹೊಸ ರೂಮು ಇನ್ನು ಕೂರಬೇಕು. ಹಾಗಾಗಿ ಹೊಸ ಪಾಯ ಎಷ್ಟು ಗಟ್ಟಿ ಅನ್ನುವುದು ಎರಡನೇ ಮಾತು. ಹಳೇ ಪಾಯದ ಪಕ್ಕ ಅದು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದೇ ಮೊದಲು.

ಯಾವುದನ್ನು ನೋಡಿ ತೀರ್ಮಾನ ಮಾಡಬೇಕು

ನಾನು ಐದು ವಿಷಯ ನೋಡುತ್ತೇನೆ. ಮಣ್ಣು ಯಾವುದು, ಗಟ್ಟಿ ಪದರ ಎಷ್ಟು ಆಳದಲ್ಲಿದೆ. ಹಳೇ ಪಾಯ ಎಷ್ಟು ಆಳ, ಎಷ್ಟು ಅಗಲ. ಈಗ ಬೀಳುವ ಭಾರ ಎಷ್ಟು, ಮುಂದೆ ಮೇಲೊಂದು ಮಹಡಿ ಏರಿಸುವ ಆಸೆ ಇದೆಯಾ. ಹಳೇ ಗೋಡೆ ಪಕ್ಕ ಅಗೆಯಲು ಜಾಗ ಇದೆಯಾ, ಕೆಲಸ ನಡೆಯುವಾಗ ಮನೆಯಲ್ಲಿ ಜನ ಇರುತ್ತಾರಾ. ದುಡ್ಡು ಕೊನೆಗೆ. ಕಡಿಮೆ ಮುಖ್ಯ ಅಂತಲ್ಲ. ಮೊದಲ ನಾಲ್ಕು ಗೊತ್ತಾಗದೆ ಯಾವುದು ಅಗ್ಗ ಅಂತ ಹೇಳಲು ಬರುವುದಿಲ್ಲ, ಅಷ್ಟೇ.

ಮಣ್ಣು ನೋಡುವ ದಾರಿಗಳು

ಎಲ್ಲಕ್ಕಿಂತ ಅಗ್ಗದ್ದು ಒಂದು ಗುಂಡಿ. ಹಳೇ ಗೋಡೆಯ ಬುಡದಲ್ಲಿ, ಮೂಲೆ ಬಿಟ್ಟು, ಮೂರಡಿ ಉದ್ದಕ್ಕೆ ಮಾತ್ರ ತೋಡಿಸಿ. ಇಬ್ಬರ ಒಂದು ದಿನದ ಕೂಲಿ. ಗೋಡೆ ಉದ್ದಕ್ಕೂ ಅಗೆಯಲು ಬಿಡಬೇಡಿ. ನೋಡಿ ಮುಗಿದ ದಿನವೇ ಮುಚ್ಚಿ, ಚೆನ್ನಾಗಿ ದಮ್ಮಸ್ಸು ಮಾಡಿಸಿ. ಈ ಒಂದು ಗುಂಡಿಯಲ್ಲಿ ಮಣ್ಣಿನ ಪದರಗಳು ಕಾಣುತ್ತವೆ, ಹಳೇ ಪಾಯವೂ ಕಾಣುತ್ತದೆ. ಒಮ್ಮೆ ಹೀಗೆ ತೋಡಿಸಿದಾಗ, ಮನೆಯವರು ನಾಲ್ಕಡಿ ಅಂತ ಖಚಿತವಾಗಿ ಹೇಳಿದ್ದ ಕಲ್ಲಿನ ಪಾಯ ಎರಡು ಅಡಿಗೇ ಮುಗಿದಿತ್ತು. ಅದರ ಕೆಳಗೆ ಬರೀ ತುಂಬಿದ ಮಣ್ಣು, ನಡುವೆ ಹೆಂಚಿನ ಚೂರು. ಗುಂಡಿ ನೋಡದೆ ಪ್ಲಾನ್ ಬರೆದಿದ್ದರೆ ಗತಿ ಏನು?

ಗುಂಡಿಯಿಂದ ಎರಡು ಹಿಡಿ ಮಣ್ಣು ಮನೆಗೆ ತನ್ನಿ. ಕಪ್ಪು ಮಣ್ಣಿನ ಅನುಮಾನ ಇದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಲ್ಯಾಬಿನಲ್ಲೂ ಇದನ್ನೇ ಮಾಡುತ್ತಾರೆ. ಒಣಗಿಸಿ ಜರಡಿ ಹಿಡಿದ ನುಣ್ಣನೆ ಮಣ್ಣನ್ನು 10 ಗ್ರಾಂ, 10 ಗ್ರಾಂ ತೂಗಿ, 100 ಮಿಲೀ ಅಳತೆಯ ಎರಡು ಗಾಜಿನ ಕೊಳವೆಗೆ ಹಾಕಿ. ಒಂದರಲ್ಲಿ ನೀರು ತುಂಬಿ, ಇನ್ನೊಂದರಲ್ಲಿ ಸೀಮೆ ಎಣ್ಣೆ. ಸೀಮೆ ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. 24 ಗಂಟೆ ಬಿಟ್ಟು ನೋಡಿ. ಎಣ್ಣೆಯಲ್ಲಿ 10 ಮಿಲೀ ಇದ್ದು ನೀರಿನಲ್ಲಿ 17 ಆಗಿದ್ದರೆ, ಉಬ್ಬು ಶೇ 70. ಶೇ 50ರ ಒಳಗಿದ್ದರೆ ಹೆಚ್ಚು ಚಿಂತೆ ಇಲ್ಲ. 50 ದಾಟಿದರೆ ಮಾಮೂಲಿ ಪಾಯದ ಮಾತು ಬಿಡಿ. 100 ದಾಟಿದರೆ ಎಂಜಿನಿಯರ್ ಇಲ್ಲದೆ ಒಂದು ಹೆಜ್ಜೆಯೂ ಮುಂದಿಡಬೇಡಿ.

ಗುಂಡಿಗೆ ಒಂದು ಮಿತಿ ಇದೆ. ಐದಾರು ಅಡಿಯ ಕೆಳಗೆ ಏನಿದೆ ಅಂತ ಅದು ಹೇಳುವುದಿಲ್ಲ. ಇನ್ನೊಂದು, ಬೇಸಿಗೆಯಲ್ಲಿ ನೋಡಿದರೆ ಮೋಸ ಹೋಗುತ್ತೀರಿ. ಮೇ ತಿಂಗಳಲ್ಲಿ ಎರೆ ಮಣ್ಣಿಗೆ ಹಾರೆ ಹಾಕಿದರೆ ಠಣ್ ಅನ್ನುತ್ತದೆ. ಮಳೆ ಬಿದ್ದ ಮೇಲೆ ಅದೇ ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಬಿಡುವುದಿಲ್ಲ.

ಎರಡನೆಯದು ಪ್ಲೇಟ್ ಲೋಡ್ ಟೆಸ್ಟ್. ಪಾಯದ ಆಳಕ್ಕೆ ಗುಂಡಿ ತೋಡಿ, ಒಂದರಿಂದ ಎರಡೂವರೆ ಅಡಿ ಅಗಲದ ಉಕ್ಕಿನ ತಟ್ಟೆ ಇಟ್ಟು, ಜಾಕ್‌ನಿಂದ ಹಂತ ಹಂತವಾಗಿ ಒತ್ತುತ್ತಾರೆ. ಪ್ರತಿ ಹಂತಕ್ಕೂ ಎಷ್ಟು ಮಿಲಿಮೀಟರ್ ಇಳಿಯಿತು ಅಂತ ಬರೆದುಕೊಳ್ಳುತ್ತಾರೆ. ಕೈಗೆ ಒಂದು ಸಂಖ್ಯೆ ಸಿಗುತ್ತದೆ, ಮನಸ್ಸಿಗೆ ಸಮಾಧಾನ ಆಗುತ್ತದೆ. ಆದರೆ ತಟ್ಟೆಯ ಒತ್ತಡ ಅದರ ಅಗಲದ ಎರಡರಷ್ಟು ಆಳಕ್ಕೆ ಮಾತ್ರ ಮುಟ್ಟುತ್ತದೆ. ಒಂದಡಿ ತಟ್ಟೆ ಎರಡಡಿ ಕೆಳಗಿನ ಮಣ್ಣನ್ನು ಮಾತ್ರ ಪರೀಕ್ಷಿಸುತ್ತದೆ. ನಾಲ್ಕಡಿ ಕೆಳಗೆ ಮೆತ್ತನೆ ಪದರ ಇದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಸಣ್ಣ ರೂಮಿಗೆ ಇದರ ಮೇಲೆ ದುಡ್ಡು ಹಾಕುವುದು ನನಗೆ ಅಷ್ಟು ಹಿಡಿಸುವುದಿಲ್ಲ.

ಮೂರನೆಯದು ಬೋರ್ ಹೊಡೆದು ನೋಡುವುದು. ಎಸ್‌ಪಿಟಿ (ಸ್ಟ್ಯಾಂಡರ್ಡ್ ಪೆನೆಟ್ರೇಷನ್ ಟೆಸ್ಟ್) ಅನ್ನುತ್ತಾರೆ. 63.5 ಕಿಲೋ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕು ಅಂತ ಎಣಿಸುತ್ತಾರೆ. ಮೊದಲು ಇಳಿಯುವ 15 ಸೆಂಟಿಮೀಟರಿನ ಪೆಟ್ಟು ಲೆಕ್ಕಕ್ಕಿಲ್ಲ, ಅದರ ನಂತರದ 30 ಮಾತ್ರ ಲೆಕ್ಕ. ಪೆಟ್ಟು ಜಾಸ್ತಿ ಬೇಕಾದಷ್ಟೂ ಮಣ್ಣು ಗಟ್ಟಿ. ಜೊತೆಗೆ ಪ್ರತಿ ಪದರದ ಮಣ್ಣಿನ ಮಾದರಿ ಲ್ಯಾಬಿಗೆ ಹೋಗುತ್ತದೆ. ಮುಕ್ಕಾಲಿ ನಿಲ್ಲಿಸಲು ಹಿತ್ತಲಲ್ಲಿ ಜಾಗ ಬೇಕು, ಮೀಟರಿಗೆ ಇಷ್ಟು ಅಂತ ರೇಟು. ಕೆಂಪು ಮಣ್ಣಿನ ಊರಿನಲ್ಲಿ ಒಂದು ಅಂತಸ್ತಿನ ರೂಮಿಗೆ ಇದು ಬೇಡ. ಜಾಗ ತುಂಬಿದ್ದು ಅನ್ನುವ ಅನುಮಾನ ಇದ್ದರೆ, ಎರೆ ಮಣ್ಣು ಆಳಕ್ಕೆ ಇದ್ದರೆ, ಇಲ್ಲವೇ ಎರಡು ಮಹಡಿ ಏರಿಸುವುದಿದ್ದರೆ ಬೇಕೇ ಬೇಕು.

ನಮ್ಮ ಕಡೆಯ ಮಣ್ಣುಗಳ ಗುಣ

ಬೆಂಗಳೂರು, ತುಮಕೂರು, ಕೋಲಾರದ ಕೆಂಪು ಮಣ್ಣು ಒಳ್ಳೆಯ ಮಣ್ಣು. ಮೂರ್ನಾಲ್ಕು ಅಡಿಗೆ ಗಟ್ಟಿ ಸಿಗುವುದು ಮಾಮೂಲು. ಬೆಂಗಳೂರಿನಲ್ಲಿ ಹೆದರಬೇಕಾದದ್ದು ಮಣ್ಣಿಗಲ್ಲ, ತುಂಬಿದ ಜಾಗಕ್ಕೆ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆಯಲ್ಲಿ. ಇವು ಎಲ್ಲರಿಗೂ ಗೊತ್ತಿರುವ ಕೆರೆಗಳು. ಹೆಸರಿಲ್ಲದ ಕುಂಟೆ, ರಾಜಕಾಲುವೆ, ಮುಚ್ಚಿದ ಬಾವಿ ಎಷ್ಟೋ ಲೇಔಟ್‌ಗಳ ಅಡಿಯಲ್ಲಿವೆ. ಬೀದಿಯ ಹಳಬರನ್ನು ಒಮ್ಮೆ ಕೇಳಿ. ಯಾವ ರಿಪೋರ್ಟಿಗಿಂತ ಮೊದಲು ಅವರು ಹೇಳುತ್ತಾರೆ.

ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಕಲಬುರಗಿ ಕಡೆ ಎರೆ ಮಣ್ಣು. ಒಂದೇ ಊರಿನಲ್ಲಿ ಒಂದು ಓಣಿ ಎರೆ, ಪಕ್ಕದ ಓಣಿ ಮಸಾರಿ (ಕೆಂಪು ಮಣ್ಣು) ಇರುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಎರೆ ಎಷ್ಟು ಅಡಿಗೆ ಮುಗಿದು ಗರಸು (ಕಲ್ಲುಚೂರು ಬೆರೆತ ಗಟ್ಟಿ ಮಣ್ಣು) ಸಿಗುತ್ತದೆ? ನಾಲ್ಕೈದು ಅಡಿಗೆ ಗರಸು ಸಿಕ್ಕರೆ ನಿಮ್ಮ ಅದೃಷ್ಟ.

ಕರಾವಳಿಯದು ಬೇರೆಯೇ ಕಥೆ. ಮೇಲೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು), ಕೆಳಗೆ ಶೇಡಿ ಮಣ್ಣು. ಮೇಲಿನ ಪದರ ಗಟ್ಟಿ. ಕೆಳಗಿನ ಬಿಳಿ, ಗುಲಾಬಿ, ಹಳದಿ ಬಣ್ಣದ ಶೇಡಿ ಒಣಗಿದ್ದಾಗ ಚೆನ್ನಾಗೇ ಇರುತ್ತದೆ. ನೀರು ತಗುಲಿದರೆ ಸಡಿಲವಾಗಿ ಜಾರುತ್ತದೆ. ಆಳಕ್ಕೆ ಹೋದಷ್ಟೂ ಗಟ್ಟಿ ಅನ್ನುವ ಲೆಕ್ಕ ಇಲ್ಲಿ ತಲೆಕೆಳಗು. ಮುರಕಲ್ಲನ್ನು ಕೊರೆದು ಕೆಳಗೆ ಹೋದರೆ ಇದ್ದ ಗಟ್ಟಿಯನ್ನೂ ಕಳೆದುಕೊಳ್ಳುತ್ತೀರಿ. ಪಾಯ ಮೇಲೇ ಇರಲಿ, ಅಗಲವಾಗಿ ಇರಲಿ. ಮಾಡಿನ ನೀರು ಪಾಯದ ಬುಡಕ್ಕೆ ಬೀಳದ ಹಾಗೆ ಚರಂಡಿ ಮಾಡಿಸಿ.

ಭಾರದ ಲೆಕ್ಕ

9 ಇಂಚಿನ ಇಟ್ಟಿಗೆ ಗೋಡೆ, 10 ಅಡಿ ಎತ್ತರ: ಒಂದು ಮೀಟರ್ ಉದ್ದಕ್ಕೆ ಸುಮಾರು 1.4 ಟನ್. 12 ಅಡಿ ರೂಮಿನ ಆರ್‌ಸಿಸಿ ಸ್ಲ್ಯಾಬಿನಿಂದ ಆ ಗೋಡೆಗೆ ಬರುವ ಪಾಲು ಸುಮಾರು 1 ಟನ್. ನೆಲದ ಕೆಳಗಿನ ಗೋಡೆ, ಕಲ್ಲು ಇನ್ನೊಂದು ಟನ್. ಒಟ್ಟು ಮೀಟರಿಗೆ 3.4 ಟನ್. ಪಾಯದ ಅಗಲ 2 ಅಡಿ ಇದ್ದರೆ ಮಣ್ಣಿನ ಮೇಲೆ ಚದರ ಮೀಟರಿಗೆ 6 ಟನ್‌ಗಿಂತ ಸ್ವಲ್ಪ ಕಡಿಮೆ. ಒಳ್ಳೆಯ ಕೆಂಪು ಗರಸಿಗೆ ಇದೇನೂ ಅಲ್ಲ. ಇನ್ನೊಂದು ಮಹಡಿ ಏರಿಸಿದರೆ ಅದೇ ಪಾಯದ ಮೇಲೆ ಹತ್ತಿರ ಹತ್ತಿರ 10 ಟನ್.

ಪಕ್ಕಕ್ಕೆ ಕಟ್ಟುವುದಾ, ಮೇಲಕ್ಕಾ ಅಂತ ಒದ್ದಾಡುವವರು ಈ ಎರಡು ಅಂಕಿಗಳನ್ನು ನೋಡಿ. ಮೇಲೆ ಕಟ್ಟಿದರೆ ಹೊಸ ಪಾಯದ ಖರ್ಚಿಲ್ಲ, ಹಳೇದು ಹೊಸದು ಕೂಡುವ ತಲೆನೋವಿಲ್ಲ. ಆದರೆ ಹಳೇ ಪಾಯ ಸುಮಾರು ಎರಡರಷ್ಟು ಭಾರ ಹೊರಬೇಕು. ಗಟ್ಟಿ ಗರಸಿನ ಮೇಲೆ 2 ಅಡಿ ಅಗಲದ ಕಲ್ಲಿನ ಪಾಯ ಇದೆ ಅಂತ ಗುಂಡಿಯಲ್ಲಿ ಕಣ್ಣಾರೆ ನೋಡಿದ್ದರೆ, ಎಂಜಿನಿಯರ್ ಹತ್ತಿರ ಲೆಕ್ಕ ಮಾಡಿಸಿ ಮೇಲಕ್ಕೆ ಹೋಗಬಹುದು. ಎರೆ ಮಣ್ಣಿನ ಮೇಲೆ, ಈಗಾಗಲೇ ಬಿರುಕು ಬಿಟ್ಟ ಮನೆಗೆ ಬೇಡ. ಮೇಲೇ ಬೇಕು ಅಂದರೆ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ಇರುವ ಹಗುರ ಕಾಂಕ್ರೀಟ್ ಬ್ಲಾಕ್) ಗೋಡೆ, ಉಕ್ಕಿನ ಚೌಕಟ್ಟು, ಶೀಟ್ ಮಾಡು ಹಾಕಿ. ಎಎಸಿ ಬ್ಲಾಕಿನ ತೂಕ ಸುಟ್ಟ ಇಟ್ಟಿಗೆಯ ಮೂರನೇ ಒಂದು ಪಾಲಿನಷ್ಟು.

ಪಾಯಗಳನ್ನು ತೂಗಿ ನೋಡೋಣ

ಸೈಜುಗಲ್ಲಿನ ಪಾಯ. ಕಲ್ಲು ಹತ್ತಿರ ಸಿಗುವ ಊರಿನಲ್ಲಿ ಇದಕ್ಕಿಂತ ಅಗ್ಗದ್ದಿಲ್ಲ. ಎಲ್ಲ ಮೇಸ್ತ್ರಿಗಳಿಗೂ ಕಟ್ಟಲು ಬರುತ್ತದೆ. ಕೆಂಪು ಮಣ್ಣು, ಒಂದೇ ಅಂತಸ್ತು, ಹಳೇ ಪಾಯವೂ ಕಲ್ಲಿನದೇ ಆಗಿದ್ದರೆ ಕಣ್ಣು ಮುಚ್ಚಿ ಇದನ್ನೇ ಮಾಡಿಸಿ. ಆಳ ಹಳೇ ಪಾಯದಷ್ಟೇ ಇರಲಿ, ಮೇಲೊಂದು ಪ್ಲಿಂತ್ ಬೀಮ್ (ಪಾಯದ ತಲೆಯ ಮೇಲೆ ಸುತ್ತಲೂ ಹಾಕುವ ಕಾಂಕ್ರೀಟ್ ತೊಲೆ) ಓಡಲಿ. ಉಬ್ಬುವ ಮಣ್ಣಿಗೆ ಇದು ಆಗಿಬರುವುದಿಲ್ಲ. ಕಲ್ಲಿನ ಗೋಡೆಗೆ ಬಾಗುವ ಗುಣ ಇಲ್ಲ, ಸೀಳುವುದೊಂದೇ ಗೊತ್ತು.

ಕಾಲಂ ಮತ್ತು ಫೂಟಿಂಗ್ (ಕಾಲಂ ಬುಡದ ಅಗಲವಾದ ಕಾಂಕ್ರೀಟ್ ಹಾಸು). ಮುಂದೆ ಮಹಡಿ ಏರಿಸುವವರಿಗೆ, ಗಟ್ಟಿ ಮಣ್ಣು ಐದಾರು ಅಡಿ ಕೆಳಗಿರುವ ಕಡೆ ಇದು ಸರಿ. ಉದ್ದಕ್ಕೂ ಅಗೆಯುವುದಿಲ್ಲ, ನಾಲ್ಕು ಗುಂಡಿ ಸಾಕು. ತೊಂದರೆ ಬರುವುದು ಹಳೇ ಗೋಡೆ ಪಕ್ಕದ ಕಾಲಂಗಳಿಗೆ. ಫೂಟಿಂಗ್ ನಾಲ್ಕಡಿ ಅಗಲ, ಅದರ ಅರ್ಧ ಹಳೇ ಪಾಯದೊಳಗೆ ನುಗ್ಗುತ್ತದೆ. ಕಲ್ಲು ಒಡೆದು ಜಾಗ ಮಾಡ್ತೀನಿ ಅಂದರೆ ಒಪ್ಪಬೇಡಿ. ಕಾಲಂ ಅನ್ನು ಫೂಟಿಂಗಿನ ಅಂಚಿಗೆ ತಂದು, ಒಳಗಿನ ಫೂಟಿಂಗಿಗೆ ಸ್ಟ್ರಾಪ್ ಬೀಮ್‌ನಿಂದ ಕಟ್ಟುವುದು ಒಂದು ದಾರಿ. ನನಗೆ ಇಷ್ಟವಾದದ್ದು ಇನ್ನೊಂದು. ಕಾಲಂಗಳನ್ನೇ ನಾಲ್ಕಡಿ ಈಚೆ ತನ್ನಿ, ಅಲ್ಲಿಂದ ಹಳೇ ಗೋಡೆವರೆಗೆ ಬೀಮು, ಸ್ಲ್ಯಾಬು ಚಾಚಿರಲಿ. ಕಂಬಿ ಸ್ವಲ್ಪ ಜಾಸ್ತಿ ಬೇಕು. ಹಳೇ ಪಾಯವನ್ನು ಮುಟ್ಟುವ ಗೋಜೇ ಇಲ್ಲ.

ಹೊಸ ಗುಂಡಿ ಹಳೇ ಪಾಯಕ್ಕಿಂತ ಆಳ ಹೋಗುವುದಿದ್ದರೆ ಒಂದು ನಿಯಮ ನೆನಪಿರಲಿ. ಐಎಸ್ 1904 ಅನ್ನುವ ಸಂಖ್ಯೆಯ ಭಾರತೀಯ ಮಾನಕದಲ್ಲೇ ಇದೆ: ಎರಡು ಪಾಲು ಅಡ್ಡಕ್ಕೆ ಒಂದು ಪಾಲು ಆಳ. ಹೊಸದು ಎರಡಡಿ ಜಾಸ್ತಿ ಆಳ ಇದ್ದರೆ, ಹಳೇ ಪಾಯದ ಅಂಚಿನಿಂದ ನಾಲ್ಕಡಿ ದೂರ ಇರಬೇಕು. ಬೇರೆ ದಾರಿಯೇ ಇಲ್ಲದೆ ಹತ್ತಿರ ಅಗೆಯಬೇಕಾದರೆ ಮೂರು ಮೂರು ಅಡಿ ತುಂಡು ಮಾಡಿ, ಒಂದು ಬಿಟ್ಟು ಒಂದು ಅಗೆದು, ಅದೇ ದಿನ ಕಾಂಕ್ರೀಟ್ ಹಾಕಿ ಮುಚ್ಚಬೇಕು. ಜೆಸಿಬಿಗೆ ಇಲ್ಲಿ ಕೆಲಸ ಇಲ್ಲ.

ರಾಫ್ಟ್. ಇಡೀ ರೂಮಿನ ಅಡಿಗೆ ಒಂದೇ ಕಾಂಕ್ರೀಟ್ ಹಾಸು. 14 ಅಡಿಗೆ 14 ಅಡಿ, 10 ಇಂಚು ದಪ್ಪ ಅಂದರೆ 163 ಘನ ಅಡಿ ಕಾಂಕ್ರೀಟ್. ಅದೇ ರೂಮಿಗೆ ನಾಲ್ಕಡಿ ಚೌಕದ, 15 ಇಂಚು ದಪ್ಪದ ನಾಲ್ಕು ಫೂಟಿಂಗ್ ಹಾಕಿದರೆ 80 ಘನ ಅಡಿ. ಕಾಂಕ್ರೀಟೇ ಎರಡರಷ್ಟು ಆಯಿತು, ಕಂಬಿಯ ಮಾತು ಬೇರೆ. ತುಂಬಿದ ಜಾಗದಲ್ಲಿ, ಕೆಳಗೆ ಗಟ್ಟಿ ಸಿಗದೇ ಇದ್ದಾಗ ಈ ದುಡ್ಡು ದಂಡ ಅಲ್ಲ. ಇಡೀ ರೂಮು ದೋಣಿಯ ಹಾಗೆ ಒಟ್ಟಿಗೇ ಇಳಿಯುತ್ತದೆ, ಗೋಡೆ ಸೀಳುವುದಿಲ್ಲ. ಇಳಿಯುವುದಂತೂ ಇಳಿಯುತ್ತದೆ. ಅದಕ್ಕೇ ಹಳೇ ಮನೆಗೆ ಯಾವ ಕಾರಣಕ್ಕೂ ಅಂಟಿಸಬಾರದು.

ಅಂಡರ್ ರೀಮ್ಡ್ ಪೈಲ್. ಎರೆ ಮಣ್ಣಿನವರು ಇದನ್ನು ತಾಳ್ಮೆಯಿಂದ ಓದಿ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದ ಕಪ್ಪು ಮಣ್ಣಿಗೆ ಅಂತಲೇ ಬೆಳೆಸಿದ ವಿಧಾನ ಇದು. ಎರೆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವುದು ಸುಮಾರು ಮೂರೂವರೆ ಮೀಟರ್ ಆಳದವರೆಗೆ. ಅದರ ಕೆಳಗೆ ತೇವ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಇರುತ್ತದೆ. ಒಂದಡಿ ಅಗಲದ ತೂತನ್ನು ಅಲ್ಲಿಯವರೆಗೆ ಕೊರೆದು, ಬುಡದಲ್ಲಿ ಎರಡೂವರೆ ಅಡಿ ಅಗಲಕ್ಕೆ ಗೆಡ್ಡೆಯ ಹಾಗೆ ಹಿಗ್ಗಿಸಿ ಕಾಂಕ್ರೀಟ್ ತುಂಬುತ್ತಾರೆ. ಮೇಲಿನ ಮಣ್ಣು ಉಬ್ಬಿ ಕಂಬವನ್ನು ಎತ್ತಲು ನೋಡಿದರೂ ಕೆಳಗಿನ ಗೆಡ್ಡೆ ಬಿಡುವುದಿಲ್ಲ. ಕೈಯಲ್ಲಿ ತಿರುಗಿಸುವ ಆಗರ್ (ಮಣ್ಣು ಕೊರೆಯುವ ಬೈರಿಗೆ) ಹಿಡಿದು ನಾಲ್ಕೈದು ಜನ ಕೊರೆಯಬಹುದು. ಗೋಡೆ ಅದುರುವುದಿಲ್ಲ, ಉದ್ದ ಕಂದಕ ಇಲ್ಲ. ಹಳೇ ಮನೆ ಪಕ್ಕ ಮಾಡಲು ಇದಕ್ಕಿಂತ ಮೆತ್ತಗಿನ ಕೆಲಸ ಇನ್ನೊಂದಿಲ್ಲ.

ಜನ ತಪ್ಪುವುದು ಪೈಲ್ ಮೇಲಿನ ಬೀಮಿನಲ್ಲಿ. ಬೀಮಿನ ಅಡಿ ನೆಲಕ್ಕೆ ತಾಗಬಾರದು. ಮೂರು ಇಂಚಿನಷ್ಟಾದರೂ ಖಾಲಿ ಬಿಡಬೇಕು, ಮಣ್ಣು ಉಬ್ಬಲು ಜಾಗ ಬೇಕಲ್ವಾ? ಮಣ್ಣಿನ ಮೇಲೇ ಬೀಮು ಸುರಿದರೆ ಪೈಲಿಗೆ ಹಾಕಿದ ದುಡ್ಡು ಅರ್ಧ ನೀರು ಪಾಲು. ಕೊರೆಯುವ ತಂಡ ಸಣ್ಣ ಊರಿನಲ್ಲಿ ಸಿಗುವುದಿಲ್ಲ, ಎರಡು ರೂಮಿನ ಕೆಲಸಕ್ಕೆ ದೂರದಿಂದ ಬರಲೂ ಒಪ್ಪುವುದಿಲ್ಲ. ನೆರೆಯವರಿಗೂ ಬೇಕಿದ್ದರೆ ಒಟ್ಟಿಗೆ ಕರೆಸಿ.

ಎರೆ ತೆಗೆದು ಗರಸು ತುಂಬುವುದು. ಪೈಲ್ ತಂಡ ಸಿಗದಿದ್ದರೆ ನಡುದಾರಿ ಇದು. ಉಬ್ಬದ, ಅಂಟು ಇರುವ ಗರಸು ಮಣ್ಣನ್ನು ಮೂರಡಿಯಷ್ಟು ದಪ್ಪಕ್ಕೆ, ಅರ್ಧ ಅರ್ಧ ಅಡಿ ಹಾಕಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡಿ ಅದರ ಮೇಲೆ ಪಾಯ ಕೂರಿಸುವುದು. ಈ ಪದರ ಉಬ್ಬನ್ನು ಹೇಗೆ ತಡೆಯುತ್ತದೆ ಅಂತ ಕೆಲಸ ಮಾಡಿ ತೋರಿಸಿದವರು ಐಐಟಿ ಬಾಂಬೆಯ ಪ್ರೊಫೆಸರ್ ಆರ್. ಕೆ. ಕಟ್ಟಿ. ಗರಸಿನ ಬದಲು ಮರಳು ತುಂಬುವ ರೂಢಿ ನಮ್ಮ ಕಡೆ ಜಾಸ್ತಿ. ನನಗೆ ಅದು ಸರಿ ಕಾಣುವುದಿಲ್ಲ. ಮರಳಿನೊಳಗೆ ನೀರು ಇಳಿದು ನಿಲ್ಲುತ್ತದೆ, ಸುತ್ತಲಿನ ಎರೆ ಅದನ್ನು ಕುಡಿಯುತ್ತಾ ಕೂರುತ್ತದೆ.

ಕೂಡಿಸುವುದಾ, ಬಿಡಿಸಿ ಇಡುವುದಾ

ಎರಡೂ ಪಾಯ ಒಂದೇ ಗಟ್ಟಿ ಗರಸಿನ ಮೇಲೆ, ಒಂದೇ ಆಳದಲ್ಲಿದ್ದು, ಒಂದೇ ಅಂತಸ್ತಾದರೆ ಕೂಡಿಸಬಹುದು. ಬೇರೆ ಎಲ್ಲ ಕಡೆ ಒಂದು ಇಂಚು ಅಂತರ ಬಿಡಿ. ನೆಲದಿಂದ ಮಾಡಿನವರೆಗೆ ಎಲ್ಲೂ ಹೊಸದು ಹಳೇದನ್ನು ಮುಟ್ಟಬಾರದು. ನಡುವೆ ಥರ್ಮಾಕೋಲ್ ಹಾಳೆ ಇಟ್ಟು, ಹೊರಗೆ ಅಲ್ಯೂಮಿನಿಯಂ ಪಟ್ಟಿಯನ್ನು ಒಂದು ಬದಿಗೆ ಮಾತ್ರ ಸ್ಕ್ರೂ ಹಾಕಿ. ಎರಡೂ ಬದಿಗೆ ಹಾಕಿದರೆ ಪಟ್ಟಿ ಕಿತ್ತು ಬರುತ್ತದೆ. ಮಾಡಿನ ಮೇಲೆ ಅಂತರಕ್ಕೆ ಟೋಪಿಯ ಹಾಗೆ ತಗಡು ಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ನೀರು ಒಳಗೆ. ಅಂತರ ದಾಟುವ ನೀರಿನ ಪೈಪಿಗೆ ಬಾಗುವ ಕನೆಕ್ಷನ್ ಕೊಡಿ. ಬಾಗಿಲ ಹತ್ತಿರದ ಟೈಲ್ಸ್ ಒಂದು ಮಳೆಗಾಲ ಕಳೆದ ಮೇಲೆ ಹಾಕಿಸಿ. ನಮ್ಮ ಮನೆಯಲ್ಲಿ ಕೊನೆಗೆ ಮಾಡಿದ್ದೂ ಇದೇ. ಹೆಣೆದಿದ್ದ ಗೋಡೆಯನ್ನು ಕಟ್ಟರ್‌ನಿಂದ ಕೊಯ್ದು ಬೇರೆ ಮಾಡಿದೆವು. ಮೊದಲೇ ಬಿಟ್ಟಿದ್ದರೆ ಪುಕ್ಕಟೆ ಆಗುತ್ತಿತ್ತು.

ಯಾರಿಗೆ ಯಾವುದು

ಕೆಂಪು ಮಣ್ಣು, ಒಂದೇ ರೂಮು, ಕೈಯಲ್ಲಿ ದುಡ್ಡು ಕಡಿಮೆ: ಒಂದು ಗುಂಡಿ, ಸೈಜುಗಲ್ಲು. ಅದೇ ಮಣ್ಣು, ಐದು ವರ್ಷದಲ್ಲಿ ಮೇಲೆ ಮಗಳಿಗೊಂದು ಮನೆ: ಈಗಲೇ ಕಾಲಂ, ಹಳೇ ಗೋಡೆಯಿಂದ ಈಚೆಗೆ. ಎರೆ ಮಣ್ಣು, ನಾಲ್ಕೈದು ಅಡಿಗೆ ಗರಸು: ಫೂಟಿಂಗನ್ನು ಗರಸಿಗೇ ಇಳಿಸಿ. ಎರೆ ಆಳಕ್ಕಿದ್ದರೆ ಪೈಲ್. ಅದಕ್ಕೆ ದುಡ್ಡು ಸಾಲದಿದ್ದರೆ ಗರಸು ತುಂಬಿ, ಅದರ ಮೇಲೆ ಹಗುರ ರೂಮು, ಸುತ್ತಲೂ ನಾಲ್ಕೈದು ಅಡಿ ಅಗಲದ ಕಾಂಕ್ರೀಟ್ ಏಪ್ರನ್ (ಗೋಡೆಗೆ ತಾಗಿ ಹೊರಗೆ ಹಾಕುವ ನೆಲಹಾಸು). ಸ್ನಾನದ ನೀರು, ಮಾಡಿನ ನೀರು ಅದರಾಚೆ ಹೋಗಿ ಬೀಳಲಿ. ತುಂಬಿದ ಜಾಗವಾದರೆ ಬೋರ್ ರಿಪೋರ್ಟ್ ಬರುವ ತನಕ ಯಾರಿಗೂ ಅಡ್ವಾನ್ಸ್ ಕೊಡಬೇಡಿ.

ಕೊಟೇಶನ್ ತೆಗೆದುಕೊಳ್ಳುವಾಗ ಪಾಯದ ರೇಟನ್ನು ಇಡೀ ಕೆಲಸದ ಚದರಡಿ ರೇಟಿನೊಳಗೆ ಸೇರಿಸಲು ಬಿಡಬೇಡಿ. ಬೇರೆಯಾಗಿ ಬರೆಸಿ: ಇಷ್ಟು ಆಳಕ್ಕೆ ಇಷ್ಟು, ಅದಕ್ಕಿಂತ ಕೆಳಗೆ ಹೋದರೆ ಅಡಿಗೆ ಇಷ್ಟು. ಗುಂಡಿ ತೆಗೆದ ದಿನ ಗಟ್ಟಿ ಇನ್ನೂ ಎರಡಡಿ ಕೆಳಗಿದೆ ಅಂತ ಗೊತ್ತಾದರೆ, ಚದರಡಿ ಲೆಕ್ಕ ಒಪ್ಪಿಕೊಂಡ ಕಂಟ್ರಾಕ್ಟರ್ 'ಇಷ್ಟೇ ಸಾಕು ಸಾರ್' ಅನ್ನುತ್ತಾರೆ. ಕೆಳಗಿನ ಎರಡಡಿಗೆ ರೇಟು ಬರೆದಿದ್ದರೆ ಅವರೇ ಇನ್ನೊಂದಿಷ್ಟು ತೋಡಿಸುತ್ತಾರೆ.